ಬೆಳೆ ಕಾಯೋಕೆ ಮೊದಲ ಕೇಪಿನ ಕೋವಿ: ಲೈಸೆನ್ಸ್ ಹೇಗೆ, ಯಾವುದು ತಗೊಳ್ಳೋದು?

ತುಂಗೆ_ದಂಡೆ
ತೀರ್ಥಹಳ್ಳಿ ತಾಲ್ಲೂಕು. ಎರಡು ಎಕರೆ ಗದ್ದೆ, ಅದರ ಮೇಲೆ ಒಂದೂವರೆ ಎಕರೆ ಅಡಿಕೆ, ಮಧ್ಯೆ ಬಾಳೆ. ಹಂದಿ ಕಾಟ, ಮಂಗನ ಕಾಟ ಹೇಳೋದೇ ಬೇಡ. ಬೆಳೆ ರಕ್ಷಣೆಗೆ ಅಂತ ಒಂಟಿ ನಳಿಗೆಯ ಕೇಪಿನ ಕೋವಿ (ಬಾಯಿಂದ ಮದ್ದು ತುಂಬಿ, ಹಿಂದೆ ಕೇಪು ಇಟ್ಟು ಹೊಡೆಯೋದು) ತಗೊಳ್ಳಬೇಕು ಅಂತಿದೀನಿ. ಪಕ್ಕದ ಊರಿನ ಹಿರಿಯರೊಬ್ಬರು ವಯಸ್ಸಾಯ್ತು ಅಂತ ತಮ್ಮದನ್ನ ಕೊಡ್ತಾರಂತೆ. ಲೈಸೆನ್ಸ್ ಮೊದಲೋ ಕೋವಿ ಮೊದಲೋ? ಹಳೇದು ತಗೊಳ್ಳಬಹುದಾ, ಹೊಸದೇ ವಾಸಿಯಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಹುಲಿಕಲ್_ಘಾಟಿ
ಕೇಪಿನ ಕೋವಿಗೆ ಲೈಸೆನ್ಸ್ ಯಾಕೆ ಮಾರಾಯ್ರೆ? ಅಜ್ಜನ ಕಾಲದ ಸಾಮಾನು, ಪುರಾತನ ವಸ್ತು ಅಂತ ಬಿಟ್ಟಿದಾರೆ.

ಪಹಣಿ_ಪತ್ರ
ದಯವಿಟ್ಟು ಇಂಥ ಮಾತು ಹಬ್ಬಿಸಬೇಡಿ. ಈ ಮಾತು ನಂಬಿ ಜೈಲು ಕಂಡವರಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೇ ಆಯುಧಕ್ಕೆ ವಿನಾಯಿತಿ ಕೊಡೋದು ನಿಜ. ಆದರೆ ಷರತ್ತು ಓದಿ: ರಿಪೇರಿ ಮಾಡಿದರೂ, ಮಾಡದಿದ್ದರೂ ಅದರಿಂದ ಈಡು ಹೊಡೆಯೋಕೆ ಸಾಧ್ಯವೇ ಇರಬಾರದು. ನಿಪ್ಪಲ್ (ಕೇಪು ಕೂರೋ ತೂತಿನ ಮೊಳೆ) ಬದಲಿಸಿ ಮಸಿ (ಕೋವಿ ಮದ್ದು) ತುಂಬಿದರೆ ಢಂ ಅನ್ನೋ ಕೋವಿ ನೂರು ವರ್ಷದ್ದಾದರೂ ಬಂದೂಕೇ. 3ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಸಜೆ.

ತುಂಗೆ_ದಂಡೆಯವರೆ, ಲೈಸೆನ್ಸ್ ಮೊದಲು. ಅದು ಕೈಗೆ ಬರೋವರೆಗೆ ಕೋವಿ ಮನೆಗೆ ತರಬೇಡಿ, ಮುಂಗಡವನ್ನೂ ಕೊಡಬೇಡಿ.

ಹುಲಿಕಲ್_ಘಾಟಿ
ಹಾಗಾದರೆ ಅಮೆರಿಕದಲ್ಲಿ ಅಂಗಡಿಯಿಂದ ಸೀದಾ ಎತ್ಕೊಂಡು ಬರ್ತಾರಲ್ಲ?

ಡಲ್ಲಾಸ್_ದಾಸವಾಳ
ಇಲ್ಲಿನ ಕಾನೂನೇ ಬೇರೆ. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಕಪ್ಪು ಮಸಿಗೆ ಮಾಡಿದ, ತೋಟಾ (ಮದ್ದು, ಗುಂಡು ಒಟ್ಟಿಗೇ ಇರೋ ಕಾಟ್ರಿಜ್) ಹಾಕೋಕೆ ಬರದ ಬಾಯಿ ತುಂಬೋ ಕೋವಿ 'ಆಂಟಿಕ್' ಲೆಕ್ಕಕ್ಕೆ ಬರುತ್ತೆ. ಹೋದ ವಾರ ಕಾರ್ಖಾನೆಯಿಂದ ಬಂದಿದ್ದರೂ ಅಷ್ಟೆ. ಅದಕ್ಕೇ ಫೆಡರಲ್ ಮಟ್ಟದಲ್ಲಿ ಕೋವಿ ಕೊಳ್ಳೋರು ತುಂಬೋ 4473 ಫಾರಂ ಇಲ್ಲ. ಆದರೆ ನಳಿಗೆ ಬದಲಿಸಿ ತೋಟಾ ಕೋವಿ ಮಾಡಬಹುದಾದ ಮಾದರಿಗಳಿಗೆ ಈ ಸಲೀಸು ಇಲ್ಲ, ಮತ್ತೆ ನ್ಯೂಜೆರ್ಸಿಯಂಥ ರಾಜ್ಯಗಳು ತಮ್ಮದೇ ಕಾರ್ಡ್ ಕೇಳ್ತವೆ. ಇಲ್ಲಿ ತಗೊಂಡು ಊರಿಗೆ ಒಯ್ತೀನಿ ಅಂತ ಮಾತ್ರ ಯಾರೂ ಯೋಚಿಸಬೇಡಿ. ಭಾರತದೊಳಕ್ಕೆ ತರೋಕೆ ಅಲ್ಲಿನ ಲೈಸೆನ್ಸೇ ಬೇಕು.

ಪಹಣಿ_ಪತ್ರ
ಸರಿ, ಊರಿನ ಮಾತಿಗೆ ಬರೋಣ. ರೈತರ ಪಾಲಿಗೆ ಬಹಳ ಒಳ್ಳೆಯ ಕಲಂ ಒಂದಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ 13(3)(ಎ). ನಿಜವಾದ ಬೆಳೆ ರಕ್ಷಣೆಗೆ ಬಾಯಿ ತುಂಬೋ ಕೋವಿ ಕೇಳಿದ ಭಾರತೀಯ ನಾಗರಿಕನಿಗೆ ಲೈಸೆನ್ಸ್ 'ಕೊಡತಕ್ಕದ್ದು' ಅನ್ನುತ್ತೆ. ಪಿಸ್ತೂಲು, ರೈಫಲ್‌ಗಳಿಗೆ ಈ ಮಾತಿಲ್ಲ. ಅಲ್ಲಿ ಸಕಾರಣ ಇದೆ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ತೋಟಾ ಕೋವಿನೇ ಬೇಕು ಅಂದರೆ ಕೇಪಿನ ಕೋವಿ ಸಾಲದು ಅಂತ ತೋರಿಸಬೇಕಾಗುತ್ತೆ. ಅಂದರೆ ಕಾನೂನೇ ರೈತನಿಗೆ ಮೊದಲ ಆಯ್ಕೆಯಾಗಿ ಕೇಪಿನ ಕೋವಿ ಇಟ್ಟಿದೆ.

ಅರ್ಜಿ ಎ-1 ನಮೂನೆ, ಜಿಲ್ಲಾಧಿಕಾರಿ ಕಚೇರಿಗೆ. ಪೊಲೀಸ್ ಕಮಿಷನರೇಟ್ ಇರೋ ಊರಲ್ಲಾದರೆ ಕಮಿಷನರಿಗೆ. ವಯಸ್ಸು 21 ತುಂಬಿರಬೇಕು. ಪಹಣಿ, ಗುರುತಿನ ಚೀಟಿ, ವಿಳಾಸದ ದಾಖಲೆ, ಫೋಟೋ, ವೈದ್ಯಕೀಯ ಪ್ರಮಾಣಪತ್ರ ಜೊತೆಗಿರಲಿ. 2016ರ ನಿಯಮ ಬಂದ ಮೇಲೆ ಆಯುಧ ಸುರಕ್ಷತಾ ತರಬೇತಿಯ ಎಸ್-1 ಪ್ರಮಾಣಪತ್ರವೂ ಬೇಕು. ಆಮೇಲೆ ಪೊಲೀಸ್ ವರದಿ, ತಹಶೀಲ್ದಾರರ ವರದಿ, ಕಾಡಂಚಾದರೆ ಅರಣ್ಯ ಇಲಾಖೆ ಅಭಿಪ್ರಾಯ. ತಡ ಆಗೋದು ಬಹುತೇಕ ಇಲ್ಲೇ. ಪಹಣಿ ಇನ್ನೂ ತೀರಿಹೋದ ತಂದೆ ಹೆಸರಲ್ಲಿ ಇರುತ್ತೆ, ಅರ್ಜಿ ಮಗನದು. ಮೊದಲು ಪೌತಿ ಖಾತೆ ಮಾಡಿಸಿಕೊಂಡು ಹೋದರೆ ಅರ್ಧ ಓಡಾಟ ಉಳಿಯುತ್ತೆ.

ಮೆಣಸಿನ_ಬಳ್ಳಿ
'ಕೊಡತಕ್ಕದ್ದು' ಅಂದ ಮಾತ್ರಕ್ಕೆ ಕೊಟ್ಟೇಬಿಡ್ತಾರೆ ಅಂತ ಆಸೆ ಹುಟ್ಟಿಸಬೇಡಿ ಸಾರ್. 14ನೇ ಸೆಕ್ಷನ್ ನಿರಾಕರಿಸೋ ಅಧಿಕಾರವನ್ನೂ ಕೊಟ್ಟಿದೆ. ಸಾರ್ವಜನಿಕ ಶಾಂತಿ, ಸುರಕ್ಷತೆ ಅಂತ ಒಂದು ಸಾಲು ಬರೆದರೆ ಮುಗೀತು.

ಪಹಣಿ_ಪತ್ರ
ಒಪ್ಪಿದೆ. ಆದರೆ ನಿರಾಕರಿಸಿದರೆ ಕಾರಣ ಬರೆದಿಡಬೇಕು, ಕೇಳಿದರೆ ಕೊಡಬೇಕು. ಆಸ್ತಿ ಸಾಲದು ಅನ್ನೋದೊಂದನ್ನೇ ಕಾರಣ ಮಾಡೋ ಹಾಗಿಲ್ಲ ಅಂತ ಅದೇ 14ರಲ್ಲಿ ಇದೆ. ಹಾಗಾಗಿ ಒಂದೇ ಎಕರೆ ಇದ್ದವರೂ ಹಿಂಜರಿಯಬೇಡಿ. 18ನೇ ಸೆಕ್ಷನ್ನಲ್ಲಿ ಮೇಲ್ಮನವಿ ಇದೆ. ಬಾಯಿಮಾತಲ್ಲಿ 'ಆಗಲ್ಲ' ಅಂದರೆ ವಾಪಸ್ ಬರಬೇಡಿ, ಲಿಖಿತ ಆದೇಶ ಕೇಳಿ. ಆದೇಶ ಇಲ್ಲದೆ ಮೇಲ್ಮನವಿ ಹಾಕೋಕೆ ಆಗಲ್ಲ.

ಶರಾವತಿ_ಕೊಳ್ಳ
ತುಂಗೆ_ದಂಡೆಯವರ ಜಮೀನು ಅಭಯಾರಣ್ಯದಿಂದ ಎಷ್ಟು ದೂರ? ಇದನ್ನ ಯಾರೂ ಕೇಳಲಿಲ್ಲ. 1972ರ ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್: ಅಭಯಾರಣ್ಯದಿಂದ 10 ಕಿ.ಮೀ. ದೂರದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಹೊಸ ಕೋವಿ ಲೈಸೆನ್ಸ್ ಕೊಡೋ ಹಾಗಿಲ್ಲ. ಮಲೆನಾಡಲ್ಲಿ ಸೋಮೇಶ್ವರ, ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಭದ್ರಾ ಅಂತ ಸುತ್ತ ಹಾಕಿ ನೋಡಿ, ಎಷ್ಟು ಹಳ್ಳಿ ಉಳಿಯುತ್ತೆ? ಅರ್ಜಿ ವರ್ಷಗಟ್ಟಲೆ ಕೂತಿದ್ದರೆ ಕಡತ ಎಲ್ಲಿದೆ ಅಂತ ಮೊದಲು ಈ ದಾರಿಯಲ್ಲೇ ವಿಚಾರಿಸಿ.

ತುಂಗೆ_ದಂಡೆ
ದೂರ ಸರ್ವೆ ನಕ್ಷೆಯಲ್ಲಿ ನೋಡಿಸ್ತೀನಿ. ಆ ಹಿರಿಯರ ಕೋವಿ ವಿಷಯ? ಅವರಿಗೆ ಲೈಸೆನ್ಸ್ ಇದೆ, ನವೀಕರಣವೂ ಆಗಿದೆ.

ಕೋವಿಮನೆ
ಲೈಸೆನ್ಸ್ ಇದ್ದವರಿಂದ ಲೈಸೆನ್ಸ್ ಇದ್ದವರು ಕೊಳ್ಳಬಹುದು, ಶಸ್ತ್ರಾಸ್ತ್ರ ಕಾಯ್ದೆಯ 5(2)ರಲ್ಲಿ ಅವಕಾಶ ಇದೆ. ಆದರೆ ಮಾರೋರು ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಬೇಕು: ಇಂಥ ಕೋವಿ, ಇಂಥವರಿಗೆ ಅಂತ. ಆಮೇಲೆ 45 ದಿನ ಕಾಯಬೇಕು. ಆ ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿ ನೀವೂ ಇಟ್ಟುಕೊಳ್ಳಿ. ಕೋವಿ ಅವರ ಲೈಸೆನ್ಸ್ ಪುಸ್ತಕದಿಂದ ತೆಗೆದು ನಿಮ್ಮ ಪುಸ್ತಕಕ್ಕೆ ಬರೆದ ಮೇಲೆ ಕೆಲಸ ಪೂರ್ತಿ.

ಇನ್ನೊಂದು ಕಣ್ಣಾರೆ ನೋಡಬೇಕಾದ್ದು: ನಳಿಗೆ ಮೇಲೆ ಕೊರೆದ ನಂಬರ್. 8ನೇ ಸೆಕ್ಷನ್ ಪ್ರಕಾರ ತಯಾರಕರ ಹೆಸರು, ನಂಬರ್ ಅಥವಾ ಬೇರೆ ಗುರುತು ಇರಲೇಬೇಕು. ಹಳೇ ಕೋವಿಗಳಲ್ಲಿ ಮರಳುಕಾಗದ ಹಾಕಿ ತಿಕ್ಕಿ ತಿಕ್ಕಿ 8 ಹೋಗಿ 3 ಆಗಿರುತ್ತೆ. ಪುಸ್ತಕದ ನಂಬರಿಗೂ ನಳಿಗೆ ನಂಬರಿಗೂ ಒಂದಂಕಿ ವ್ಯತ್ಯಾಸ ಬಂದರೂ ಅಲ್ಲೇ ನಿಲ್ಲಿಸಿ. ತಿದ್ದೋಕೆ ಹೋದರೆ ಅದೇ ಅಪರಾಧ. ಲೈಸೆನ್ಸ್ ಶಾಖೆಗೆ ಕೋವಿ ಹಾಜರುಪಡಿಸಿ ಅವರೇ ಸರಿಮಾಡಬೇಕು.

ಮೆಣಸಿನ_ಬಳ್ಳಿ
ಹಿರಿಯರ ಮಕ್ಕಳಿಗೆ ಬೇಡವಾ? 2016ರ ನಿಯಮ 25ರಲ್ಲಿ, ಲೈಸೆನ್ಸ್‌ದಾರರಿಗೆ 70 ತುಂಬಿದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆದರೆ ಅವರು ಬದುಕಿದ್ದಾಗಲೇ ವಾರಸುದಾರರ ಹೆಸರಿಗೆ ಕೇಳಬಹುದು. ನಾಳೆ ಮಗ ಬಂದು ತಕರಾರು ತೆಗೆಯೋ ಮೊದಲು ಅದನ್ನ ಇತ್ಯರ್ಥ ಮಾಡಿಕೊಳ್ಳಿ.

ಅಡಿಕೆ_ಗೊನೆ
ನಮ್ಮ ಕಡೆ ಅಜ್ಜ ತೀರಿಹೋದ ಮೇಲೂ ಕೋವಿ ಅಟ್ಟದಲ್ಲೇ ಇರೋ ಮನೆಗಳು ಎಷ್ಟೋ ಇವೆ. ಅವರೇನು ಮಾಡಬೇಕು?

ಕೋವಿಮನೆ
ಠಾಣೆಗೋ ಲೈಸೆನ್ಸ್ ಇರೋ ಬಂದೂಕು ಅಂಗಡಿಗೋ ತಡಮಾಡದೆ ಠೇವಣಿ ಇಡಬೇಕು, ರಸೀದಿ ತಗೋಬೇಕು. 21ನೇ ಸೆಕ್ಷನ್. ಅಲ್ಲಿಂದಲೇ ವಾರಸುದಾರರ ಲೈಸೆನ್ಸಿಗೆ ಅರ್ಜಿ. ಠೇವಣಿ ಇಟ್ಟರೆ ಕೋವಿ ಹೋಗೇಬಿಡುತ್ತೆ ಅನ್ನೋ ಭಯಕ್ಕೇ ಜನ ಅಟ್ಟದಲ್ಲಿ ಬಚ್ಚಿಡೋದು. ವಾರಸುದಾರರು ಹಿಂಪಡೆಯೋಕೆ, ಮಾರೋಕೆ ಆ ಸೆಕ್ಷನ್ನಲ್ಲೇ ದಾರಿ ಇದೆ.

ಕಾವೇರಿ_ತಟ
ಕೊಡಗಲ್ಲಿ ಲೈಸೆನ್ಸೇ ಬೇಡ, ನಮ್ಮ ಕಡೆ ಬನ್ನಿ.

ಪಹಣಿ_ಪತ್ರ
ಆ ವಿನಾಯಿತಿ ಊರಿಗಲ್ಲ, ಮನುಷ್ಯರಿಗೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೇ ಭೂ ಹಿಡುವಳಿ ಪದ್ಧತಿ) ಹಿಡುವಳಿದಾರರಿಗೆ 41ನೇ ಸೆಕ್ಷನ್ ಅಡಿ ಕೇಂದ್ರ ಕೊಟ್ಟದ್ದು. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದಾರೆ. 2021ರಲ್ಲಿ ಹೈಕೋರ್ಟೂ ಎತ್ತಿಹಿಡೀತು. ತೀರ್ಥಹಳ್ಳಿಯವರು ಮಡಿಕೇರಿಯಲ್ಲಿ ತೋಟ ತಗೊಂಡ ಮಾತ್ರಕ್ಕೆ ಅದು ಬರಲ್ಲ. ಗೆಳೆಯರ ಕೋವಿ ಒಂದು ರಾತ್ರಿಗೆ ಎರವಲು ತರೋದೂ ಆಗಲ್ಲ. ಲೈಸೆನ್ಸ್‌ದಾರರ ಚೀಟಿ ಹಿಡಿದು ಬೇರೆಯವರು ಒಯ್ಯಬಹುದಾದದ್ದು ರಿಪೇರಿಗೆ, ನವೀಕರಣಕ್ಕೆ, ಇಲ್ಲವೇ ಆ ಲೈಸೆನ್ಸ್‌ದಾರರೇ ಬಳಸೋಕೆ ಮಾತ್ರ.

ಕಾವೇರಿ_ತಟ
ಹೌದು, ಸರಿಯಾಗಿ ಹೇಳಿದ್ರಿ. ನಾನು ಬರೆದದ್ದು ಅರ್ಧಂಬರ್ಧ ಆಯ್ತು.

ಶರಾವತಿ_ಕೊಳ್ಳ
ಎಲ್ಲರೂ ಕೋವಿ ಬಗ್ಗೆ ಹೇಳ್ತಿದೀರಿ. ಹಂದಿ ಬಗ್ಗೆ ಹೇಳಿ! ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಹಂದಿ ಹೊಡೆಯೋ ಲೈಸೆನ್ಸ್ ಅಲ್ಲ. ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ ಬಂದ ಮೇಲೆ ಕಾಡುಹಂದಿ ಅದರ 2ನೇ ಅನುಸೂಚಿಯಲ್ಲಿ (ರಕ್ಷಿತ ಪ್ರಾಣಿಗಳ ಪಟ್ಟಿ) ಇದೆ. ಹೊಡೆಯಬೇಕು ಅಂದರೆ 11(1)(ಬಿ) ಅಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು, ಕಾರಣ ಸಮೇತ. ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳೋಕೆ ಹೊಡೆದರೆ ಅದು ಬೇರೆ ಮಾತು. ಗದ್ದೆಯಲ್ಲಿ ತಿಂತಿತ್ತು ಅಂತ ಹೊಡೆದರೆ ಆ ರಕ್ಷಣೆ ಇಲ್ಲ. ನವಿಲು 1ನೇ ಅನುಸೂಚಿ, ಅದರ ತಂಟೆಗೇ ಹೋಗಬೇಡಿ.

ಅಡಿಕೆ_ಗೊನೆ
ಹಾಗಾದರೆ ಕೋವಿ ಯಾಕೆ ಬೇಕು ಸ್ವಾಮಿ? ಪೂಜೆಗಾ?

ಶರಾವತಿ_ಕೊಳ್ಳ
ಬೆದರಿಸೋಕೆ. ಚರೆ (ಸಣ್ಣ ಗುಂಡುಗಳು) ಹಾಕದೆ ಬರೀ ಮಸಿ, ಮೇಲೊಂದು ಹಗುರ ಅಡಕು (ಮಸಿ ಮೇಲೆ ತುರುಕೋ ಮುಚ್ಚಿಗೆ). ಸದ್ದು ಗದ್ದೆ ಆಚೆ ಗುಡ್ಡಕ್ಕೆ ಹೋಗಿ ಬಡೀಬೇಕು. ಪಟಾಕಿಗಿಂತ ದಪ್ಪ ಸದ್ದು, ಹಂದಿ ಹಿಂಡು ನಿಲ್ಲಲ್ಲ. ಆದರೆ ದಿನಾ ಒಂದೇ ಜಾಗದಿಂದ ಒಂದೇ ಹೊತ್ತಿಗೆ ಹೊಡೆದರೆ ವಾರ ಹತ್ತು ದಿನಕ್ಕೆ ಅವಕ್ಕೆ ರೂಢಿ ಆಗಿಬಿಡುತ್ತೆ. ಜಾಗ ಬದಲಿಸಿ, ಹೊತ್ತು ಬದಲಿಸಿ.

ಕೋವಿಮನೆ
ಬರೀ ಮಸಿ ಈಡಿನಲ್ಲೂ ಒಂದು ಅಪಾಯ ಇದೆ. ಅಡಕಿಗೆ ತೆಂಗಿನ ನಾರು ಹಾಕ್ತಾರೆ. ನಾರು ಕಿಡಿ ಹಿಡಿದು ಹೊಗೆಯಾಡ್ತಾ ಹೋಗಿ ಬೀಳುತ್ತೆ. ಫೆಬ್ರವರಿಯಿಂದ ಮಳೆ ಬೀಳೋವರೆಗೆ ದರಗು (ಒಣ ಎಲೆ), ಹುಲ್ಲಿನ ಬಣವೆ ಕಡೆ ಕೋವಿ ಬಾಯಿ ಮಾಡಲೇಬೇಡಿ. ಸೊಪ್ಪಿನಬೆಟ್ಟಕ್ಕೆ ಬೆಂಕಿ ಬಿದ್ದರೆ ಅರಣ್ಯದ ಕೇಸು ಬೇರೆ. ಮತ್ತೆ ಚರೆ ಇಲ್ಲ ಅಂತ ಮನುಷ್ಯರ ಕಡೆ ಗುರಿ ಮಾಡಬೇಡಿ. ಹತ್ತಿರದಿಂದ ಅಡಕೂ ಕಣ್ಣು ತೆಗೆಯುತ್ತೆ.

ತುಂಗೆ_ದಂಡೆ
ತಿಳೀತು. ಈಗ ಆಯ್ಕೆ. ಹೊಸದಾ ಹಳೇದಾ? ಎಷ್ಟು ಬೋರು (ನಳಿಗೆಯ ಒಳ ಅಗಲದ ಅಳತೆ)?

ಕೋವಿಮನೆ
ಮೊದಲ ಕೋವಿ ಆದರೆ ನನ್ನ ಮಾತು: ಒಂಟಿ ನಳಿಗೆ, 12 ಬೋರು, ಪ್ರೂಫ್ ಮುದ್ರೆ (ಒತ್ತಡ ಪರೀಕ್ಷೆ ಆದ ಗುರುತು) ಇರೋ ಹೊಸದು. ಮುಂಗೇರ್, ಜಮ್ಮು ಕಡೆಯ ಕಾರ್ಖಾನೆಗಳಿಂದ ಬರ್ತವೆ. ಜೋಡು ನಳಿಗೆ ಮೊದಲಿಗರಿಗೆ ಬೇಡ. ಗಡಿಬಿಡಿಯಲ್ಲಿ ಒಂದೇ ನಳಿಗೆಗೆ ಎರಡು ಸಲ ತುಂಬಿಬಿಡೋ ಸಾಧ್ಯತೆ ಹೆಚ್ಚು, ಒಂದು ನಳಿಗೆ ಹೊಡೆಯೋವಾಗ ಇನ್ನೊಂದರ ಚರೆ ಸಡಿಲಾಗಿ ಮುಂದೆ ಬರೋದೂ ಉಂಟು.

ಹೊಸದಾಗಲಿ ಹಳೇದಾಗಲಿ ಅಂಗಡಿಯಲ್ಲೇ ಇಷ್ಟು ನೋಡಿ. ಕುದುರೆ (ಕೇಪಿಗೆ ಬಡಿಯೋ ಸುತ್ತಿಗೆ) ಅರ್ಧ ಎಳೆದು ನಿಲ್ಲಿಸಿ ಟ್ರಿಗರ್ ಒತ್ತಿ, ಬೀಳಬಾರದು. ಪೂರ್ತಿ ಎಳೆದು ಬಟ್ಟನ್ನ ಅಂಗೈಯಿಂದ ತಟ್ಟಿ, ಆಗಲೂ ಬೀಳಬಾರದು. ಕುದುರೆಯ ಮೂತಿ ನಿಪ್ಪಲ್ ಮೇಲೆ ನೆಟ್ಟಗೆ ಕೂರಬೇಕು. ಓರೆ ಬಡಿದರೆ ಕೇಪು ಸಿಡಿದು ಚೂರು ಮುಖಕ್ಕೆ ಬರುತ್ತೆ. ನಿಪ್ಪಲ್ ತೂತು ಸೂಜಿ ಹೋಗೋವಷ್ಟೇ ಇರಬೇಕು. ಸವೆದು ಅಗಲ ಆಗಿದ್ದರೆ ಹೊಡೆದಾಗ ಹೊಗೆ ಹಿಂದಕ್ಕೆ ನುಗ್ಗಿ ಕುದುರೆಯನ್ನೇ ಎತ್ತಿಬಿಡುತ್ತೆ. ನಿಪ್ಪಲ್ ಕೀಲಿ ಹಾಕಿ ಬಿಚ್ಚೋಕೆ ಬರುತ್ತಾ ಅಂತ ಎದುರಿಗೇ ಬಿಚ್ಚಿಸಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಅದರ ಕೆಳಗಿನ ಸುತ್ತುಗಳೂ ಹೋಗಿವೆ ಅಂತಲೇ ತಿಳೀರಿ.

ನಳಿಗೆಯನ್ನ ಕಿಟಕಿ ಬೆಳಕಿಗೆ ಹಿಡಿದು ಉದ್ದಕ್ಕೆ ನೋಡಿ. ಹೊರಮೈ ಮೇಲೆ ಬೆಳಕಿನ ಗೆರೆ ಒಂದೇ ನೇರಕ್ಕೆ ಓಡಬೇಕು. ಎಲ್ಲಾದರೂ ಗೆರೆ ಉಬ್ಬಿ ಬಾಗಿದರೆ ಅಲ್ಲೊಮ್ಮೆ ನಳಿಗೆ ಊದಿಕೊಂಡಿದೆ. ಬೆರಳಿಗೆ ಸಿಗದ ಊತವೂ ಆ ಗೆರೆಯಲ್ಲಿ ಕಾಣುತ್ತೆ. ಅಂಥ ಕೋವಿ ಎಷ್ಟೇ ಕಮ್ಮಿ ಬೆಲೆಗೆ ಬಂದರೂ ಬೇಡ.

ಮೆಣಸಿನ_ಬಳ್ಳಿ
ಹೊಸದೇ ಅಂತ ಯಾಕೆ ಹಟ? ಹಳೇ ಕೋವಿಗಳ ನಳಿಗೆ ದಪ್ಪ, ಹೊಸವು ತಗಡು ಅಂತ ಎಲ್ಲರೂ ಹೇಳ್ತಾರೆ.

ಕೋವಿಮನೆ
ದಪ್ಪ ಇರಬಹುದು, ಆದರೆ ಒಳಗಡೆ? ಬುಡದ ನಾಲ್ಕು ಬೆರಳು ಜಾಗದಲ್ಲೇ ಎಲ್ಲ ಒತ್ತಡ, ಮಸಿಯ ಉಪ್ಪು ಕೂತು ತಿನ್ನೋದೂ ಅಲ್ಲೇ. ಹೊರಗಿಂದ ಏನೂ ಗೊತ್ತಾಗಲ್ಲ. ಹಳೇದು ತಗೊಳ್ಳೋದಾದರೆ ಲೈಸೆನ್ಸ್ ಇರೋ ರಿಪೇರಿಯವರ ಹತ್ತಿರ ಬುಡದ ಬಿರಡೆ ಬಿಚ್ಚಿಸಿ ನೋಡದೆ ಹಣ ಕೊಡಬೇಡಿ.

ಗದ್ದೆ_ಬದು
ಮಸಿ, ಚರೆ ಎಷ್ಟು ಹಾಕಬೇಕು? ಹಿಡಿ ಲೆಕ್ಕದಲ್ಲಿ ಹಾಕೋರನ್ನ ನೋಡಿದೀನಿ.

ಕೋವಿಮನೆ
ಹಿಡಿ ಲೆಕ್ಕ, ಅಂಗೈ ಲೆಕ್ಕ ಎಲ್ಲ ಬಿಡಿ. ಕಾರ್ಖಾನೆ ಕೊಟ್ಟ ಗರಿಷ್ಠ ಅಳತೆಯೇ ಮಿತಿ. ಗಟ್ಟಿಯಾದ 12 ಬೋರಿಗೆ ಸಾಮಾನ್ಯವಾಗಿ ಎರಡೂಮುಕ್ಕಾಲು ಡ್ರಾಮ್ ಮಸಿ, ಅಂದರೆ 75 ಗ್ರೇನ್, ಹತ್ತಿರ ಹತ್ತಿರ 5 ಗ್ರಾಂ. ಚರೆ ಒಂದು ಔನ್ಸ್, 28 ಗ್ರಾಂ. ಒಂದೇ ಅಳತೆ ಕೊಳವೆಯಲ್ಲಿ ಮಸಿ ಅಳೆದು ಅದರಲ್ಲೇ ಚರೆ ಅಳೆದರೆ ತೂಕ ಸರಿಸುಮಾರು ಹೊಂದುತ್ತೆ. ಮಸಿ ಡಬ್ಬಿಯನ್ನ ಸೀದಾ ನಳಿಗೆ ಬಾಯಿಗೆ ಬಗ್ಗಿಸಬೇಡಿ. ಹಿಂದಿನ ಈಡಿನ ಕಿಡಿ ಉಳಿದಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತೆ.

ಮಸಿ ಮೇಲೆ ಅಡಕು, ಗಜ (ನಳಿಗೆಗೆ ಒತ್ತಿ ತುಂಬೋ ಕೋಲು) ಹಾಕಿ ಕೂರಿಸಿ. ಮಧ್ಯೆ ಸಂದು ಉಳೀಬಾರದು. ಚರೆ ಅರ್ಧಕ್ಕೇ ನಿಂತು ಕೆಳಗೆ ಗಾಳಿ ಉಳಿದರೆ ಅದೇ ಜಾಗದಲ್ಲಿ ನಳಿಗೆ ಉಬ್ಬುತ್ತೆ ಇಲ್ಲವೇ ಸೀಳುತ್ತೆ. ಗಜದ ಮೇಲೆ ಎರಡು ಗೆರೆ ಕೊರೆದಿಡಿ: ಖಾಲಿ ಇದ್ದಾಗಿನದು, ತುಂಬಿದಾಗಿನದು. ಗೆರೆ ನೋಡಿದರೆ ಎರಡು ಸಲ ತುಂಬೋ ತಪ್ಪು ಆಗಲ್ಲ. ಕೇಪು ಕಟ್ಟಕಡೆಗೆ, ಬಾಯಿ ಸುರಕ್ಷಿತ ದಿಕ್ಕಿಗೆ ಇದ್ದಾಗ ಮಾತ್ರ.

ಗದ್ದೆ_ಬದು
ತೋಟಾ ಒಡೆದು ಅದರ ಮಸಿ ಹಾಕಬಹುದಾ?

ಕೋವಿಮನೆ
ಬೇಡವೇ ಬೇಡ! ತೋಟಾದಲ್ಲಿರೋದು ಹೊಗೆಯಿಲ್ಲದ ಮದ್ದು. ಅಳತೆ ಅಷ್ಟೇ ಹಾಕಿದರೂ ಒತ್ತಡ ಎಷ್ಟೋ ಪಟ್ಟು. ಕೇಪಿನ ಕೋವಿ ನಳಿಗೆ ತಡೆಯಲ್ಲ, ಎಡಗೈ ಹೋಗುತ್ತೆ. ಮನೆಯಲ್ಲಿ ಮಸಿ ಅರೆಯೋದೂ ಬೇಡ, ಅದು ಬೇರೆಯೇ ಅಪರಾಧ, ಜೊತೆಗೆ ಒಂದು ಸಲದಂತೆ ಇನ್ನೊಂದು ಸಲ ಇರಲ್ಲ. ಮಸಿ, ಕೇಪು ಎರಡನ್ನೂ ಲೈಸೆನ್ಸಿನಲ್ಲಿ ಬರೆದ ಪ್ರಮಾಣದಷ್ಟು ಅಂಗಡಿಯಿಂದ ರಸೀದಿ ಸಮೇತ ತನ್ನಿ.

ಅಡಿಕೆ_ಗೊನೆ
ಕೇಪು ಹೊಡೀತು, ಈಡು ಹಾರಲಿಲ್ಲ ಅಂದರೆ? ಮಳೆಗಾಲದಲ್ಲಿ ಅದೇ ಗೋಳು.

ಶರಾವತಿ_ಕೊಳ್ಳ
ಕೋವಿ ಅದೇ ದಿಕ್ಕಿಗೆ ಹಿಡಿದು ಎರಡು ನಿಮಿಷ ಅಲ್ಲಾಡಬೇಡಿ. ಒಳಗೆ ನಿಧಾನ ಹತ್ತಿ ಆಮೇಲೆ ಹಾರೋದುಂಟು. ಬಾಯಿಗೆ ಇಣುಕೋರು ಸಾಯೋದು ಹೀಗೇ. ಆಮೇಲೆ ನಿಪ್ಪಲ್ ತೂತನ್ನ ಸೂಜಿಯಿಂದ ಬಿಡಿಸಿ ಹೊಸ ಕೇಪು ಹಾಕಿ. ಬಹಳ ಸಲ ಕಾರಣ ಎಣ್ಣೆ. ಹಿಂದಿನ ಸಲ ಹಚ್ಚಿದ್ದು ಬುಡಕ್ಕೆ ಇಳಿದು ತೂತು ಮುಚ್ಚಿರುತ್ತೆ. ತುಂಬೋ ಮೊದಲು ಒಣಬಟ್ಟೆ ಎಳೆದು, ಖಾಲಿ ನಳಿಗೆಗೆ ಒಂದು ಬರೀ ಕೇಪು ಹೊಡೀರಿ. ಬಾಯಿ ಮುಂದಿನ ಹುಲ್ಲೆಲೆ ಅಲ್ಲಾಡಿದರೆ ದಾರಿ ಬಿಟ್ಟಿದೆ ಅಂತ.

ಮೆಣಸಿನ_ಬಳ್ಳಿ
ತೊಳೆಯೋಕೆ ಸೀಮೆಎಣ್ಣೆ ಸಾಕಲ್ವಾ?

ಶರಾವತಿ_ಕೊಳ್ಳ
ಸಾಲದು. ಮಸಿಯ ಕಸ ಉಪ್ಪಿನ ಜಾತಿ, ನೀರಲ್ಲಿ ಕರಗೋದು, ಎಣ್ಣೆಯಲ್ಲಲ್ಲ. ಆಗುಂಬೆ ಹವೆಗೆ ಒಂದು ರಾತ್ರಿ ಬಿಟ್ಟರೆ ನೀರು ಹೀರಿ ಕೆಂಪಾಗುತ್ತೆ. ನಿಪ್ಪಲ್ ಬಿಚ್ಚಿ, ಕುದಿನೀರಿಗೆ ಚೂರು ಸೋಪು ಹಾಕಿ, ಬಟ್ಟೆ ಬಿಳಿಯಾಗಿ ಬರೋವರೆಗೆ ಗಜ ಆಡಿಸಿ. ಕುದಿನೀರಿನ ಬಿಸಿಗೇ ನಳಿಗೆ ಬೇಗ ಒಣಗುತ್ತೆ. ಆಮೇಲೆ ಎಣ್ಣೆ.

ಗದ್ದೆ_ಬದು
ಚುನಾವಣೆ ಬಂದಾಗ ಎಲ್ಲ ಕೋವಿ ಠಾಣೆಗೆ ಅಂತಾರಲ್ಲ, ಅದೂ ಬೆಳೆ ಕಾಯೋ ಹೊತ್ತಿಗೇ.

ಪಹಣಿ_ಪತ್ರ
ಜಿಲ್ಲಾ ಪರಿಶೀಲನಾ ಸಮಿತಿಗೆ ವಿನಾಯಿತಿ ಅರ್ಜಿ ಕೊಡಿ. ಬೆಳೆ, ಸರ್ವೆ ನಂಬರ್, ಕಾಡಿನ ದೂರ ಬರೆದು, ಹಿಂದಿನ ಬೆಳೆಹಾನಿ ಅರ್ಜಿಯ ಪ್ರತಿ ಲಗತ್ತಿಸಿ. ಅದಕ್ಕೇ ಹೇಳೋದು, ಹಾನಿ ಆದಾಗಲೆಲ್ಲ ಅರಣ್ಯ ಇಲಾಖೆಗೆ ಅರ್ಜಿ ಹಾಕಿಡಿ ಅಂತ. ಪರಿಹಾರ ಕಮ್ಮಿ ಬಂದರೂ ಆ ಕಾಗದ ಹೊಸ ಲೈಸೆನ್ಸಿಗೂ ಆಗುತ್ತೆ. ಲೈಸೆನ್ಸ್ ಅವಧಿ ಈಗ 5 ವರ್ಷ. ಮುಗಿಯೋಕೆ ಎರಡು ತಿಂಗಳಿರುವಾಗಲೇ ನವೀಕರಣಕ್ಕೆ ಹಾಕಿ.

ತುಂಗೆ_ದಂಡೆ
ಇವತ್ತು ಹಿರಿಯರ ಮನೆಗೆ ಹೋಗಿದ್ದೆ. ಕೋವಿ ಅವರ ಕೈಯಲ್ಲೇ ಇತ್ತು, ನಾನು ಮುಟ್ಟಲಿಲ್ಲ. ನಂಬರ್ ಪುಸ್ತಕಕ್ಕೆ ಸರಿಹೊಂದುತ್ತೆ. ಗಜ ಒಳಗಿಳಿಸಿ ಬಾಯಿ ಹತ್ತಿರ ಹೆಬ್ಬೆರಳು ಹಿಡಿದು, ತೆಗೆದು ಹೊರಗಡೆ ಇಟ್ಟು ನೋಡಿದರು. ನಳಿಗೆ 34 ಇಂಚು, ಗಜ ಇಳಿದದ್ದು 31. ಇದು ಸರಿಯಾ?

ಕೋವಿಮನೆ
ಒಟ್ಟು ಉದ್ದಕ್ಕೆ ಹೋಲಿಸಬೇಡಿ, ನಿಪ್ಪಲ್ ಇರೋ ಜಾಗಕ್ಕೆ ಹೋಲಿಸಿ. ಬುಡದ ಬಿರಡೆಗೆ ಮುಕ್ಕಾಲು ಇಂಚಿಂದ ಒಂದು ಇಂಚು ಹೋಗುತ್ತೆ. ಅದು ಕಳೆದರೂ ಎರಡು ಇಂಚು ಲೆಕ್ಕಕ್ಕೆ ಸಿಗ್ತಿಲ್ಲ. ಯಾವತ್ತೋ ತುಂಬಿಟ್ಟ ಈಡು ಒಳಗೇ ಇದೆ ಅಂತ ತಿಳಿದೇ ನಡೆದುಕೊಳ್ಳಿ. ನಿಪ್ಪಲ್ ಮೇಲೆ ಕೇಪು ಇದೆಯಾ?

ತುಂಗೆ_ದಂಡೆ
ಇಲ್ಲ. ಹೊಡೆದು ಖಾಲಿ ಮಾಡೋಣ ಅಂದರು.

ಕೋವಿಮನೆ
ಬೇಡ ಅನ್ನಿ, ಈಗಲೇ ಫೋನ್ ಮಾಡಿ! ಎಷ್ಟು ವರ್ಷದ ಮಸಿಯೋ, ಒಂದು ಈಡೋ ಎರಡೋ, ಬುಡ ಎಷ್ಟು ತಿಂದಿದೆಯೋ, ಯಾವುದೂ ಗೊತ್ತಿಲ್ಲ. ಕುದುರೆ ಮೂತಿಗೂ ನಿಪ್ಪಲ್‌ಗೂ ಮಧ್ಯೆ ಒಂದು ತೊಗಲಿನ ತುಂಡು ಕಟ್ಟಲಿ. ಬಾಯಿ ಎದುರು ಯಾರೂ ನಿಲ್ಲದಂತೆ ನೋಡಿ ನಳಿಗೆಗೆ ನೀರು ತುಂಬಿ ಒಂದು ರಾತ್ರಿ ಮೂಲೆಗೆ ನಿಲ್ಲಿಸಲಿ, ಮಸಿ ನೆನೆದು ಸಾಯಲಿ. ಬೆಳಿಗ್ಗೆ ಅವರೇ ಲೈಸೆನ್ಸ್ ಪುಸ್ತಕದ ಜೊತೆ ರಿಪೇರಿಯವರ ಹತ್ತಿರ ಒಯ್ದು, ಗಜದ ತುದಿಗೆ ಸ್ಕ್ರೂ ಹಾಕಿ ಅಡಕು ಎಳೆಸಲಿ. ಹೇಗೂ ಅಲ್ಲಿ ಬಿರಡೆ ಬಿಚ್ಚಿದಾಗ ಬುಡದ ಒಳಮೈ ಕಾಣುತ್ತೆ. ಅದರ ಫೋಟೋ ಇಲ್ಲಿ ಹಾಕಿ, ತಗೊಳ್ಳಬಹುದೋ ಬೇಡವೋ ನೋಡಿ ಹೇಳ್ತೀನಿ.

ತುಂಗೆ_ದಂಡೆ
ಫೋನ್ ಮಾಡಿದೆ. ನೀರು ತುಂಬಿ ಜಗಲಿ ಮೂಲೆಗೆ ನಿಲ್ಲಿಸಿದಾರೆ. ಸೋಮವಾರ ರಿಪೇರಿಗೆ ಒಯ್ತಾರೆ, ಫೋಟೋ ಹಾಕ್ತೀನಿ.